ಹುಡುಕು ಪೆಟ್ಟಿಗೆಯಲ್ಲಿ ಪಾಠಾಂತರ: ‘ಕಿಞ್ಞಣ್ಣ’ ಸಿಗದೆ ಹೋದ ಒಂದು ಓದು

(ಗಡಿನಾಡ ಕನ್ನಡ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಚರ್ಚೆಯ ಆಯ್ದ ಭಾಗ ಕೊನೆಯಲ್ಲಿದೆ.)

ಧ್ವನಿ ಕೇಳ್ತಾ ಉಂಟು ಅಂದುಕೊಳ್ತೇನೆ. ಗುರುಗಳೇ, ಸಹಪಾಠಿಗಳೇ, ಬೆಳಿಗ್ಗೆಯಿಂದ ಗಡಿನಾಡಿನ ಕಾವ್ಯ, ಜಾನಪದ, ಶಾಲೆಗಳ ಬಗ್ಗೆ ದೊಡ್ಡ ಮಾತುಗಳು ಬಂದವು. ನನ್ನ ವಿಷಯ ಬಹಳ ಸಣ್ಣದು. ಕಂಪ್ಯೂಟರಿನ ಬ್ರೌಸರಿನಲ್ಲಿ ಇರುವ ಹುಡುಕು ಪೆಟ್ಟಿಗೆ, ಮತ್ತು ಅದನ್ನು ತೆರೆಯುವ ಶಾರ್ಟ್‌ಕಟ್ ಕೀಲಿಗಳು. ಇದಕ್ಕೂ ಸಾಹಿತ್ಯಕ್ಕೂ ಏನು ಸಂಬಂಧ ಅಂತ ಕೇಳಬಹುದು. ಈ ಪೆಟ್ಟಿಗೆಯನ್ನು ನಂಬಿ ನಾನು ಬರೆದ ಒಂದು ವಾಕ್ಯ ಸುಳ್ಳಾಯಿತು. ಸಂಬಂಧ ಅಷ್ಟೇ.

ಆ ವಾಕ್ಯ ಹೀಗಿತ್ತು: “ಕಾಸರಗೋಡಿನ ಕವಿಯನ್ನು ಕನ್ನಡ ವಿಮರ್ಶೆ ಹೆಸರಿಸಿಯೂ ಇಲ್ಲ.” ನಾನು ಹೇಳುತ್ತಿದ್ದದ್ದು ಕಯ್ಯಾರ ಕಿಞ್ಞಣ್ಣ ರೈ (1915–2015) ಅವರ ಬಗ್ಗೆ. ಆಧಾರ ಏನು? ಕೆಲವು ವಿಮರ್ಶಾ ಸಂಕಲನಗಳ ಪಿಡಿಎಫ್‌ಗಳನ್ನು ಬ್ರೌಸರಿನಲ್ಲಿ ತೆರೆದು, ಕಂಟ್ರೋಲ್ ಮತ್ತು ಎಫ್ ಒತ್ತಿ, ಹೆಸರು ಟೈಪಿಸಿ ನೋಡಿದ್ದೆ. ಎಲ್ಲದರಲ್ಲೂ ಸೊನ್ನೆ. ಆ ಸೊನ್ನೆಯ ಮೇಲೆ ಎರಡು ಪುಟ ಸಿಟ್ಟು ಬರೆದೆ. ನನ್ನ ಮಾರ್ಗದರ್ಶಕರು ಓದಿ ಒಂದೇ ಪ್ರಶ್ನೆ ಕೇಳಿದರು: “ಹೇಗೆ ಹುಡುಕಿದ್ದು ಮಾರಾಯ್ತಿ?” ನನ್ನಲ್ಲಿ ಉತ್ತರ ಇರಲಿಲ್ಲ. ಪುಸ್ತಕದ ಪುಟ ತಿರುಗಿಸಿ ನೋಡಿದಾಗ ಕವಿ ಅಲ್ಲಿ ಇದ್ದರು. ಹೆಚ್ಚಿಲ್ಲ, ಆದರೆ ಇದ್ದರು.

ಆ ಹೆಸರನ್ನೇ ಸ್ವಲ್ಪ ಗಮನಿಸಿ. ತುಳುವಿನಲ್ಲಿ ‘ಕಿಞ್ಞ’ ಅಂದರೆ ಚಿಕ್ಕದು. ನಮ್ಮ ಕಡೆಯ ಕಿವಿಗೆ ಇದು ದಿನನಿತ್ಯದ ಶಬ್ದ. ಆದರೆ ‘ಞ’ ಎಂಬ ಅಕ್ಷರ ಉಳಿದ ಕನ್ನಡದ ಬರಹದಲ್ಲಿ ‘ಜ್ಞ’ದ ಒತ್ತಾಗಿ ಅಲ್ಲದೆ ಬಿಡಿಯಾಗಿ ಬರುವುದೇ ಅಪರೂಪ. ಅದನ್ನು ಬಿಡಿಯಾಗಿ ಟೈಪಿಸುವ ರೂಢಿ ಬೆರಳಿಗೆ ಇರುವುದಿಲ್ಲ. ಹಾಗಾಗಿ ಒಬ್ಬರು ಕಿಞ್ಞಣ್ಣ ಎಂದು ಬರೆದರೆ, ಇನ್ನೊಬ್ಬರು ಕಿಂಞಣ್ಣ, ಮತ್ತೊಬ್ಬರು ಕಿಞಣ್ಣ, ಇನ್ನೂ ಕೆಲವರು ಕಿನ್ಯಣ್ಣ. ಕಯ್ಯಾರ ಕೆಲವೊಮ್ಮೆ ಕೈಯಾರ ಆಗುತ್ತದೆ. ಓದುಗರ ಕಣ್ಣಿಗೆ ಇವೆಲ್ಲ ಒಬ್ಬರೇ. ಹುಡುಕು ಪೆಟ್ಟಿಗೆಗೆ ಇವು ಬೇರೆ ಬೇರೆ. ಗಡಿಯ ಶಬ್ದವೇ ಗಡಿಯ ಕವಿಯನ್ನು ಹುಡುಕಾಟದಿಂದ ಹೊರಗಿಟ್ಟಿತು.

ಸೊನ್ನೆ ಬಂದಾಗ ಅದಕ್ಕೆ ಕಡೇಪಕ್ಷ ನಾಲ್ಕು ಅರ್ಥ ಉಂಟು ಎಂದು ನನಗೆ ಆಮೇಲೆ ತಿಳಿಯಿತು.

ಒಂದು, ಆ ಪದ ನಿಜವಾಗಿಯೂ ಇಲ್ಲ.

ಎರಡು, ಬೇರೆ ಕಾಗುಣಿತದಲ್ಲಿ ಇದೆ.

ಮೂರು, ವಿಭಕ್ತಿ ಸೇರಿ ರೂಪ ಬದಲಾಗಿದೆ. ‘ಕಾಸರಗೋಡು’ ಎಂದು ಟೈಪಿಸಿದರೆ ‘ಕಾಸರಗೋಡಿನ’, ‘ಕಾಸರಗೋಡಲ್ಲಿ’ ಸಿಗುವುದಿಲ್ಲ. ಲೋಪಸಂಧಿಯನ್ನು ಹೈಸ್ಕೂಲಿನಲ್ಲೇ ಕಲಿತವಳು ನಾನು. ಆದರೂ ಪೆಟ್ಟಿಗೆಯ ಮುಂದೆ ಕೂತಾಗ ಅದು ನೆನಪಾಗಲಿಲ್ಲ. ಉಪಾಯ ಸುಲಭ: ‘ಕಾಸರಗೋ’ ಎಂದು ಅಲ್ಲಿಗೇ ನಿಲ್ಲಿಸಿ ಹುಡುಕಬೇಕು. ಫೈರ್‌ಫಾಕ್ಸಿನ ಹುಡುಕು ಪಟ್ಟಿಯಲ್ಲಿ ಪೂರ್ಣ ಪದಗಳನ್ನು ಮಾತ್ರ ಹುಡುಕುವ ಆಯ್ಕೆ ಇದೆ. ಇಂಗ್ಲಿಷಿಗೆ ಅದು ಅನುಕೂಲ. ಪ್ರತ್ಯಯ ಅಂಟಿಕೊಳ್ಳುವ ನಮ್ಮ ಭಾಷೆಗೆ ಅದನ್ನು ಗುರುತು ಹಾಕಿಟ್ಟರೆ ಅರ್ಧ ಪುಸ್ತಕ ಮಾಯ.

ನಾಲ್ಕು, ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಕನ್ನಡ ಅಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು, ಮತ್ತು ಬಂದ ಮೇಲೂ ಎಷ್ಟೋ ವರ್ಷ, ನಮ್ಮ ಪುಸ್ತಕಗಳು ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚಿಗೆ ಸಿದ್ಧವಾದವು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿರುತ್ತದೆ. ಅಂಥ ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ವಿಳಾಸಪಟ್ಟಿಯಲ್ಲಿ ಅಂಟಿಸಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ, ಅದರಲ್ಲಿ ಕನ್ನಡದಲ್ಲಿ ಹುಡುಕಿ ಪ್ರಯೋಜನವೇ ಇಲ್ಲ. ಸ್ಕ್ಯಾನ್ ಮಾಡಿದ ಪುಸ್ತಕ ಆದರೆ ಪುಟವೇ ಒಂದು ಚಿತ್ರ. ನನ್ನ ಸೊನ್ನೆಗಳಲ್ಲಿ ಹೆಚ್ಚಿನವು ಈ ನಾಲ್ಕನೆಯ ಜಾತಿಯವು.

ಇನ್ನು ಬ್ರೌಸರನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ವಿಷಯ. ಕ್ರೋಮಿನಲ್ಲಿ ‘ಸೈಟ್ ಸರ್ಚ್’ ಎಂಬ ಸೌಲಭ್ಯ, ಫೈರ್‌ಫಾಕ್ಸಿನಲ್ಲಿ ಬುಕ್‌ಮಾರ್ಕಿಗೆ ‘ಕೀವರ್ಡ್’ ಕೊಡುವ ಸೌಲಭ್ಯ ಇದೆ. ಕೆಲಸ ಎರಡರದ್ದೂ ಒಂದೇ. ಯಾವುದಾದರೂ ನಿಘಂಟಿನಲ್ಲೋ ವಿಕಿಪೀಡಿಯದಲ್ಲೋ ಒಂದು ಪದ ಹುಡುಕಿದರೆ, ಆ ಪದ ಪುಟದ ವಿಳಾಸದಲ್ಲಿ ಸಾಮಾನ್ಯವಾಗಿ ಕಾಣಿಸುತ್ತದೆ. ಅದನ್ನು ತೆಗೆದು ಆ ಜಾಗದಲ್ಲಿ ಶೇಕಡಾ ಚಿಹ್ನೆ, ಅದಕ್ಕೆ ತಾಗಿ ಸಣ್ಣ ಎಸ್ ಅಕ್ಷರ ಇಟ್ಟು ಉಳಿಸಬೇಕು. ಅದಕ್ಕೊಂದು ಕಿರುಹೆಸರು ಕೊಡಬೇಕು. ಆಮೇಲೆ ಕಂಟ್ರೋಲ್ ಮತ್ತು ಎಲ್ ಒತ್ತಿ ವಿಳಾಸಪಟ್ಟಿಗೆ ಹೋಗಿ, ಕಿರುಹೆಸರು, ಜಾಗ ಬಿಟ್ಟು ಪದ, ಎಂಟರ್. ಮುಗಿಯಿತು.

ನಾನು ಕಿರುಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಟ್ಟೆ. ವಿ. ಕೃಷ್ಣ ಅವರ ‘ಅಲರ್’ ನಿಘಂಟಿಗೆ ‘ಅ’, ಕನ್ನಡ ವಿಕಿಪೀಡಿಯಕ್ಕೆ ‘ವಿ’. ಯಾಕೆಂದರೆ ಕಿರುಹೆಸರು ಇಂಗ್ಲಿಷಿನಲ್ಲಿದ್ದರೆ ಅದನ್ನು ಟೈಪಿಸಿ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಕನ್ನಡಕ್ಕೆ ಬದಲಾಯಿಸಿ, ಪದ ಟೈಪಿಸಬೇಕು. ಮುಂದಿನ ಸಲಕ್ಕೆ ಮತ್ತೆ ಇಂಗ್ಲಿಷಿಗೆ. ದಿನಕ್ಕೆ ಎಷ್ಟು ಸಲ ಈ ಗಡಿ ದಾಟುವುದು? ಶಾರ್ಟ್‌ಕಟ್ ಕೀಲಿಗಳ ಮಟ್ಟಿಗೆ ಸ್ವಾತಂತ್ರ್ಯ ಕಡಿಮೆ. ಕ್ರೋಮ್ ತನ್ನ ಮೂಲ ಕೀಲಿಗಳನ್ನು ಬದಲಿಸಲು ಬಿಡುವುದಿಲ್ಲ. ಎಕ್ಸ್‌ಟೆನ್ಷನ್‌ಗಳ ಕೀಲಿಗಳನ್ನು ಮಾತ್ರ ಬದಲಿಸಬಹುದು. 2016ರಲ್ಲಿ ಮೊದಲ ಆವೃತ್ತಿ ಬಂದ ವಿವಾಲ್ಡಿ ಬ್ರೌಸರಿನಲ್ಲಿ ಹೆಚ್ಚಿನ ಕೀಲಿಗಳನ್ನು ಸೆಟ್ಟಿಂಗ್ಸ್‌ನಲ್ಲೇ ಬದಲಿಸಿಕೊಳ್ಳಬಹುದು.

ಇಲ್ಲಿಯವರೆಗೆ ಇದು ಬರೀ ಅನುಕೂಲದ ಮಾತು. ವಿಮರ್ಶೆ ಶುರುವಾಗುವುದು ಇಲ್ಲಿಂದ. ಉಳಿಸುವ ವಿಳಾಸದಲ್ಲಿ ಆ ಗುರುತಿನ ಜೊತೆಗೆ ನಮ್ಮದೇ ಪದಗಳನ್ನೂ ಕಾಯಂ ಆಗಿ ಸೇರಿಸಬಹುದು. ನಾನು ‘ಕಿ’ ಎಂಬ ಕಿರುಹೆಸರಿಗೆ ಕಿಞ್ಞಣ್ಣ, ಕಿಂಞಣ್ಣ, ಕಿಞಣ್ಣ, ಕಿನ್ಯಣ್ಣ ಎಲ್ಲವನ್ನೂ ‘ಇದು ಅಥವಾ ಅದು’ ಎಂಬ ಸೂಚನೆಯೊಂದಿಗೆ ತುಂಬಿಸಿಟ್ಟೆ. ಈಗ ‘ಕಿ’ ಬರೆದು ‘ಆತ್ಮಕಥೆ’ ಎಂದರೆ ಯಾವ ಕಾಗುಣಿತದಲ್ಲಿದ್ದರೂ ‘ದುಡಿತವೇ ನನ್ನ ದೇವರು’ ಕೃತಿಯ ಬಗ್ಗೆ ಬರೆದದ್ದು ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಈ ಪಟ್ಟಿ ಮಾಡುವಾಗ ನನಗೆ ಗ್ರಂಥಸಂಪಾದನೆಯ ಪತ್ರಿಕೆ ನೆನಪಾಯಿತು. ಓಲೆಗರಿಯ ಪ್ರತಿಗಳನ್ನು ಎದುರಿಟ್ಟುಕೊಂಡು ಸಂಪಾದಕರು ಪಾಠಾಂತರ ಗುರುತಿಸುತ್ತಾರೆ. ಯಾವುದು ಲಿಪಿಕಾರನ ತಪ್ಪು, ಯಾವುದು ಪ್ರಾದೇಶಿಕ ರೂಪ ಎಂದು ತೀರ್ಮಾನಿಸುತ್ತಾರೆ. ನಾನು ಮಾಡಿದ್ದೂ ಅದೇ ಜಾತಿಯ ಕೆಲಸ, ಬಹಳ ಸಣ್ಣ ಪ್ರಮಾಣದಲ್ಲಿ. ‘ಕಿನ್ಯಣ್ಣ’ ತಪ್ಪೋ, ಉಚ್ಚಾರಕ್ಕೆ ಹತ್ತಿರದ ಇನ್ನೊಂದು ರೂಪವೋ? ಅದನ್ನು ಪಟ್ಟಿಗೆ ಸೇರಿಸಬೇಕೋ ಬೇಡವೋ? ಅದನ್ನು ಯಂತ್ರ ಹೇಳುವುದಿಲ್ಲ, ಭಾಷೆ ಬಲ್ಲವರು ಹೇಳಬೇಕು. ಹುಡುಕು ಪೆಟ್ಟಿಗೆಯನ್ನು ಹೊಂದಿಸುವುದು ತಂತ್ರಜ್ಞರ ಕೆಲಸ ಅಂತ ನಾವು ಬಿಟ್ಟುಬಿಟ್ಟಿದ್ದೇವೆ. ಅದರ ಮುಖ್ಯ ಭಾಗ ನಮ್ಮ ವಿಭಾಗದ್ದೇ ಕೆಲಸ.

ಇದರ ಮಿತಿಯನ್ನೂ ಹೇಳಬೇಕು. ನನ್ನ ‘ಕಿ’ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತರೆ ನಾನು ಮತ್ತೆ ಹಳೆಯ ಓದುಗಳೇ. ಇಂಟರ್‌ನೆಟ್ ಆರ್ಕೈವಿನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಎಷ್ಟೋ ಕನ್ನಡ ಪುಸ್ತಕಗಳ ಶೀರ್ಷಿಕೆಗಳು ಇಂಗ್ಲಿಷ್ ಲಿಪಿಯಲ್ಲಿ, ಅಡ್ಡಾದಿಡ್ಡಿ ಕಾಗುಣಿತದಲ್ಲಿವೆ. ಅಲ್ಲಿಗೆ ಬೇರೆಯೇ ಪಟ್ಟಿ ಬೇಕು. ಎಲ್ಲಕ್ಕಿಂತ ಮುಖ್ಯ ಇನ್ನೊಂದು. ಹೆಸರು ಹೇಳದೆಯೂ ಒಬ್ಬ ಕವಿಯ ಬಗ್ಗೆ ಬರೆಯಬಹುದು. ‘ಪೆರಡಾಲದ ಮೇಷ್ಟ್ರು’ ಎಂದರೆ ನಮ್ಮೂರಿನ ಹಿರಿಯರಿಗೆ ಯಾರೆಂದು ಗೊತ್ತು. ಅದನ್ನು ಹಿಡಿಯುವ ಶಾರ್ಟ್‌ಕಟ್ ಇಲ್ಲ, ಓದಲೇಬೇಕು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. “ಉಲ್ಲೇಖವಿಲ್ಲ”, “ವಿಮರ್ಶೆ ಮರೆತಿದೆ” ಅಂತ ಬರೆಯುವಾಗ ಯಾವ ಯಾವ ರೂಪಗಳಲ್ಲಿ, ಯಾವ ಬಗೆಯ ಕಡತದಲ್ಲಿ ಹುಡುಕಿದೆವು ಎಂದು ಒಂದು ಸಾಲು ಸೇರಿಸೋಣ. ಮರೆತಿದ್ದಾರೆ ಎಂಬುದು ಗಡಿನಾಡಿನವರಾದ ನಮ್ಮ ಬಾಯಲ್ಲಿ ಬೇಗ ಬರುವ ಮಾತು. 1956ರಿಂದ ಅದಕ್ಕೆ ಕಾರಣಗಳೂ ಸಾಕಷ್ಟಿವೆ. ನಿಜವಾದ ದೂರಿಗೆ ಬಲ ಬರಬೇಕಾದರೆ ಸುಳ್ಳು ಸೊನ್ನೆಗಳನ್ನು ಮೊದಲು ನಾವೇ ಅಳಿಸಬೇಕು. ನನ್ನ ವಾಕ್ಯವನ್ನು ತಿದ್ದಿದ್ದೇನೆ. ಈಗ ಅದು ಹೀಗಿದೆ: “ನೋಡಿದ ಸಂಕಲನಗಳಲ್ಲಿ ಕಯ್ಯಾರರ ಹೆಸರು ಪಟ್ಟಿಗಳಲ್ಲಿ ಬರುತ್ತದೆ, ಅವರ ಕವಿತೆಯ ಓದು ಬರುವುದಿಲ್ಲ.” ಮೊದಲಿನದಕ್ಕಿಂತ ಸಿಟ್ಟು ಕಡಿಮೆ. ಆದರೆ ಇದನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಚರ್ಚೆ

ಒಬ್ಬ ಪ್ರಾಧ್ಯಾಪಕರು: ಚೆನ್ನಾಗಿದೆ ಅಮ್ಮ. ಆದರೆ ಇದು ವಿಮರ್ಶೆಯೋ, ಕಂಪ್ಯೂಟರ್ ಪಾಠವೋ? ನಾವೆಲ್ಲ ಪೆಟ್ಟಿಗೆ ಇಲ್ಲದೆಯೇ ಓದಿದವರು.

ಉತ್ತರ: ಹೌದು ಸರ್. ನೀವು ಓದುವಾಗ ಕಣ್ಣೇ ಪಾಠಾಂತರ ಹೊಂದಿಸಿಕೊಳ್ಳುತ್ತಿತ್ತು. ನಾವು ಓದಿನ ಒಂದು ಭಾಗವನ್ನು ಪೆಟ್ಟಿಗೆಗೆ ಒಪ್ಪಿಸಿದ್ದೇವೆ. ಒಪ್ಪಿಸಿದ ಮೇಲೆ ಅದು ಹೇಗೆ ಓದುತ್ತದೆ ಎಂದು ಕೇಳುವುದೂ ವಿಮರ್ಶೆಯೇ ಅಂತ ನನಗೆ ಅನ್ನಿಸ್ತದೆ.

ಸೊಲ್ಲಾಪುರ ಕಡೆಯ ಒಬ್ಬ ವಿದ್ಯಾರ್ಥಿ: ನಮ್ ಕಡೀಗೂ ಇದ ತ್ರಾಸ ಐತ್ರಿ. ಸೊಲ್ಲಾಪುರ, ಸೋಲಾಪುರ, ಶೋಲಾಪುರ ಅಂತ ಬರೀತಾರ. ಅಕ್ಕಲಕೋಟ, ಅಕ್ಕಲಕೋಟೆ. ಜತ್ತ ಅಂದ್ರ ಒಂದ, ಜತ್ ಅಂದ್ರ ಒಂದ. ನಿಮ್ಮ ಪಟ್ಟಿ ನಮಗೂ ಕೊಡ್ರಿ.

ಉತ್ತರ: ಖಂಡಿತ. ಆದರೆ ನಿಮ್ಮ ಊರಿನ ರೂಪಗಳನ್ನು ನೀವೇ ಬರೆದು ಸೇರಿಸಬೇಕು. ಆದವಾನಿಯವರು ಆದೋನಿ, ಅಡೋನಿ ಸೇರಿಸಲಿ, ತಾಳವಾಡಿಯವರು ತಮ್ಮದನ್ನು. ಕಾಸರಗೋಡಿನಲ್ಲಿ ಕೂತ ನಾನು ಜತ್ತದ ಕಾಗುಣಿತ ತೀರ್ಮಾನಿಸಿದರೆ ಮತ್ತೆ ಅದೇ ತಪ್ಪು. ಎಲ್ಲರೂ ತುಂಬುವ ಒಂದು ಹಾಳೆಯನ್ನು ಈ ವಾರವೇ ಹಂಚುತ್ತೇನೆ. ಮೊದಲ ಸಾಲು ‘ಕಿಞ್ಞಣ್ಣ’.