ಎಣಿಕೆಯ ಗದ್ದಲದಲ್ಲಿ ಮರೆತ ಹೆಸರು



2025ರ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ರಾಜ್ಯದ ಎರಡು ಸಂಗತಿಗಳು ಚುನಾವಣಾ ಆಡಳಿತದ ಸುಧಾರಣೆಯನ್ನು ಮನೆಮನೆಯ ಮಾತಾಗಿಸಿದವು. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತಯಂತ್ರದ ಬದಲು ಮತಪತ್ರವನ್ನು ಬಳಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ಸಚಿವ ಸಂಪುಟ ತೀರ್ಮಾನಿಸಿದ್ದು ಒಂದು. ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ಅಳಿಸಲು ಹಿಂದೆ ನಡೆದಿದ್ದ ಯತ್ನ ಇಡೀ ದೇಶದ ಗಮನಕ್ಕೆ ಬಂದದ್ದು ಮತ್ತೊಂದು. ಮೊದಲನೆಯದರ ಬಗ್ಗೆ ನಾವು ಆಡಿದ ಮಾತಿಗೆ ಲೆಕ್ಕವಿಲ್ಲ. ಎರಡನೆಯದು ನಮ್ಮ ನೆರೆಯಲ್ಲೇ ನಡೆದದ್ದಾದರೂ, ಅದರಿಂದ ಯಾವ ಪಕ್ಷಕ್ಕೆ ಲಾಭ ಎಂಬುದರಾಚೆಗೆ ನಮ್ಮ ಮಾತು ದಾಟಲಿಲ್ಲ. ಈ ಚರ್ಚೆಯ ಕೊರತೆ ಇರುವುದು ಇಲ್ಲಿಯೇ.

ಯಂತ್ರದ ವಿಚಾರ ಹೊಸದೇನೂ ಅಲ್ಲ. ಕೇರಳದ ಪರವೂರಿನಲ್ಲಿ 1982ರಲ್ಲಿ ಅದನ್ನು ಮೊದಲು ಬಳಸಲಾಯಿತು. ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ಬಳಿಕ ಸಂಸತ್ತು ಕಾನೂನನ್ನು ತಿದ್ದಿತು. ಇಂದು ಈ ಯಂತ್ರಗಳು ತಯಾರಾಗುವುದು ನಮ್ಮ ಬೆಂಗಳೂರಿನ ಮತ್ತು ನೆರೆಯ ಹೈದರಾಬಾದಿನ ಸರ್ಕಾರಿ ಕಾರ್ಖಾನೆಗಳಲ್ಲಿ. ಮತಪತ್ರಕ್ಕೆ ಮರಳಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತಾದರೂ, ಸೋತ ಅಭ್ಯರ್ಥಿ ಕೋರಿದರೆ ಯಂತ್ರಗಳನ್ನು ಪರಿಶೀಲಿಸುವ ಏರ್ಪಾಡನ್ನು ಮಾಡಿಸಿತು. ಮತಪತ್ರದ ಕಾಲವೂ ನಿಷ್ಕಳಂಕವಾಗಿರಲಿಲ್ಲ. ಮತಗಟ್ಟೆಯನ್ನೇ ವಶಪಡಿಸಿಕೊಂಡು ಮುದ್ರೆ ಒತ್ತುತ್ತಿದ್ದ ದಿನಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಈ ವಾದ ಮುಂದುವರಿಯಲಿ, ಬೇಡವೆನ್ನುವುದಿಲ್ಲ. ಆದರೆ ಯಂತ್ರವಾಗಲಿ ಕಾಗದವಾಗಲಿ, ಅದರ ಬಳಿಗೆ ಹೋಗಬೇಕಾದರೆ ಮನುಷ್ಯನ ಹೆಸರು ಮೊದಲು ಪಟ್ಟಿಯಲ್ಲಿರಬೇಕು. ಹೆಸರೇ ಇಲ್ಲದವನಿಗೆ ಎರಡೂ ಒಂದೇ.

ಆಳಂದದಲ್ಲಿ ಆದದ್ದೇನು? 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಹೆಸರು ತೆಗೆಸಲು ಸಲ್ಲಿಸುವ ನಮೂನೆ 7ರಲ್ಲಿ 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಬೂತ್ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರೇ ಅದರಲ್ಲಿರುವುದನ್ನು ಕಂಡರು. ಅರ್ಜಿದಾರರೆಂದು ದಾಖಲಾಗಿದ್ದವರನ್ನು ವಿಚಾರಿಸಿದರೆ, ತಾವು ಅರ್ಜಿಯನ್ನೇ ಹಾಕಿಲ್ಲವೆಂದರು. ಆಯೋಗದ ಹೇಳಿಕೆಯ ಪ್ರಕಾರ, ಪರಿಶೀಲನೆಯ ನಂತರ ನಿಜವೆಂದು ಕಂಡವು 24 ಮಾತ್ರ, ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರವರಿಯಲ್ಲೇ ಚುನಾವಣಾ ಅಧಿಕಾರಿಗಳು ಪೊಲೀಸರಿಗೆ ದೂರು ಕೊಟ್ಟರು. ಅಂದರೆ ನಮ್ಮವರ ಹಕ್ಕನ್ನು ಅಂದು ಕಾಪಾಡಿದ್ದು ದೊಡ್ಡ ಯಂತ್ರವೂ ಅಲ್ಲ, ದೊಡ್ಡ ಭಾಷಣವೂ ಅಲ್ಲ. ಊರಿನವರ ಮುಖಪರಿಚಯವಿದ್ದ ಒಬ್ಬ ಕೆಳಹಂತದ ನೌಕರರ ಎಚ್ಚರ. ಆ ಬಂಧುವಿನ ಹೆಸರು ಅವರ ಕಣ್ಣಿಗೆ ಬೀಳದೇ ಹೋಗಿದ್ದರೆ? ಈ ಪ್ರಶ್ನೆಯೇ ನಮ್ಮ ಚರ್ಚೆಯ ಕೇಂದ್ರವಾಗಬೇಕಿತ್ತು.

ಆಳಂದ, ಬಸವಕಲ್ಯಾಣ, ಹುಮನಾಬಾದ್ ಮೂರೂ ಬೀದರ್ ಲೋಕಸಭಾ ಕ್ಷೇತ್ರದ ಭಾಗಗಳೇ. ಆದ್ದರಿಂದ ನಿರ್ಣಾದಂಥ ಊರಿನಲ್ಲಿ ಕುಳಿತು ಇದು ಪರರ ಕಷ್ಟವೆನ್ನುವಂತಿಲ್ಲ. ಸುಗ್ಗಿ ಮುಗಿದ ಮೇಲೆ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುವ ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ಪರಿಶೀಲನೆಗೆಂದು ಬಂದವರಿಗೆ ಬಾಗಿಲಿನ ಬೀಗ ಕಾಣುತ್ತದೆ, ‘ಊರು ಬಿಟ್ಟಿದ್ದಾರೆ’ ಎಂಬ ಮಾತು ಕೇಳುತ್ತದೆ. ಆದರೆ ತಾತ್ಕಾಲಿಕವಾಗಿ ಊರಿನಿಂದ ಹೊರಗಿದ್ದ ಮಾತ್ರಕ್ಕೆ ಒಬ್ಬನು ಅಲ್ಲಿಯ ನಿವಾಸಿಯಲ್ಲವೆಂದಾಗದು ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ವಾಸ ಬಿಟ್ಟಿದ್ದಾನೆಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಅವನ ಮಾತನ್ನು ಕೇಳಬೇಕೆಂದೂ ಅದೇ ಕಾಯ್ದೆ ವಿಧಿಸುತ್ತದೆ. ಕಾನೂನು ಬಡವನ ಪಕ್ಷದಲ್ಲಿದೆ. ಅದನ್ನು ಅವನ ಬಾಗಿಲಿಗೆ ತಲುಪಿಸುವ ಆಡಳಿತ ಮಾತ್ರ ಸೊರಗಿದೆ.

ಒಂದು ಹೆಸರಿಗೆ ಇಷ್ಟೊಂದು ಬೆಲೆಯೇ ಎನ್ನುವವರು 2004ರ ಸಂತೇಮರಹಳ್ಳಿಯನ್ನು ನೆನೆಯಲಿ. ಚಾಮರಾಜನಗರ ಜಿಲ್ಲೆಯ ಆ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ. ಕ್ರೈಸ್ತರಾದ ನಮಗೆ ಈ ಉದಾಹರಣೆಯೂ ಬೇಕಿಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಅರಸಿಹೋದ ಕುರುಬನ ಸಾಮತಿಯನ್ನು ಕೇಳುತ್ತಲೇ ಬೆಳೆದವರು ನಾವು. ಫಲಿತಾಂಶ ಬದಲಾಗದಿದ್ದರೂ, ಅನ್ಯಾಯವಾಗಿ ಅಳಿಸಿಹೋದ ಒಂದು ಹೆಸರು ನಷ್ಟವೇ.

ಚರ್ಚಿಸುವವರ ನಡತೆಯನ್ನೂ ಇಲ್ಲಿ ವಿಮರ್ಶಿಸಬೇಕಾಗಿದೆ. ಗೆದ್ದಾಗ ವ್ಯವಸ್ಥೆಯನ್ನು ಹೊಗಳಿ, ಸೋತಾಗ ಮಾತ್ರ ಶಂಕಿಸುವ ರಾಜಕಾರಣಿಯಿಂದ ಸುಧಾರಣೆ ಸಾಧ್ಯವಿಲ್ಲ. ಅವರಿಗೆ ಬೇಕಾದದ್ದು ಸರಿಯಾದ ಪಟ್ಟಿಯಲ್ಲ, ಅನುಕೂಲಕರವಾದ ಪಟ್ಟಿ. ಅತ್ತ ಅಧಿಕಾರಸ್ಥಾನದಲ್ಲಿರುವವರು ಪ್ರಶ್ನೆಯನ್ನೇ ಅವಮಾನವೆಂದು ಬಗೆದು, ದೂರಿದವನನ್ನೇ ಸಂಶಯದಿಂದ ನೋಡುವುದೂ ತಪ್ಪು. ಇನ್ನೊಬ್ಬರ ಹೆಸರಿನಲ್ಲಿ ಅರ್ಜಿ ಹಾಕುವುದನ್ನು ತಡೆಯಲು, ಆಧಾರ್‌ಗೆ ಜೋಡಿಸಿದ ಮೊಬೈಲ್ ಮೂಲಕ ಗುರುತು ಖಚಿತಪಡಿಸುವ ಕ್ರಮವನ್ನು ಆಯೋಗ ತಂದದ್ದು 2025ರ ಸೆಪ್ಟೆಂಬರಿನಲ್ಲಿ. ಒಳ್ಳೆಯದೇ ಆಯಿತು. ಆದರೆ ಆಳಂದದ ದೂರು ದಾಖಲಾಗಿ ಅಷ್ಟರಲ್ಲಿ ಎರಡೂವರೆ ವರ್ಷ ಕಳೆದಿತ್ತು.

ದೂರನ್ನು ಹೇಗೆ ಕೇಳಬೇಕೆಂಬುದಕ್ಕೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಮಾದರಿಯೊಂದಿದೆ. ಜೆರುಸಲೇಮಿನ ಆದಿ ಧರ್ಮಸಭೆಯಲ್ಲಿ ಅನುದಿನದ ಹಂಚಿಕೆ ನಡೆಯುತ್ತಿದ್ದಾಗ, ಗ್ರೀಕ್ ಭಾಷೆಯವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಹನ್ನೆರಡು ಮಂದಿ ಪ್ರೇಷಿತರು, ‘ನಮ್ಮ ಮೇಲೆಯೇ ಸಂದೇಹವೇ?’ ಎಂದು ಸಿಡುಕಲಿಲ್ಲ. ದೂರಿನ ಹಿಂದೆ ಯಾರ ಸ್ವಾರ್ಥವಿದೆಯೆಂದು ಕೆದಕಲಿಲ್ಲ. ಎಲ್ಲರನ್ನೂ ಕರೆದರು, ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸುವ ಹೊಣೆಯನ್ನು ಸಭೆಗೇ ಒಪ್ಪಿಸಿದರು. ಆಯ್ಕೆಯಾದ ಸ್ತೇಫನ, ಫಿಲಿಪ್ಪ ಮೊದಲಾದ ಏಳೂ ಮಂದಿಯ ಹೆಸರುಗಳು ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸಿ. ಯಾರ ಮನೆಯ ವಿಧವೆಯರು ಪಂಕ್ತಿಯಿಂದ ಬಿಟ್ಟುಹೋಗಿದ್ದರೋ ಅವರ ಕೈಗೇ ಹಂಚಿಕೆಯ ಜವಾಬ್ದಾರಿ ಬಂದಿತು. ಗೊಣಗಾಟ ಸಭೆಯನ್ನು ಒಡೆಯಲಿಲ್ಲ, ತಿದ್ದಿತು.

ನಮ್ಮ ಕಾಲದಲ್ಲೂ ಇದರ ಸುಳಿವು ಕಾಣುತ್ತದೆ. ಬಿಹಾರದಲ್ಲಿ 2025ರಲ್ಲಿ ನಡೆದ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದಾಗ, ಆ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಬೇಕೆಂದು ಆಗಸ್ಟ್ 14ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ತೀರಿಕೊಂಡವರ ಹೆಸರು, ಎರಡು ಕಡೆ ಇರುವ ಹೆಸರು ತೆಗೆಯಲೇಬೇಕು, ನಿಜ. ಆದರೆ ತೆಗೆದ ಪ್ರತಿ ಹೆಸರಿನ ಮುಂದೆ ಕಾರಣ ಬರೆದು ಊರ ಮುಂದೆ ತೂಗುಹಾಕುವುದು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವುದು, ಗುಳೆ ಹೋದವರು ಮರಳಿ ಬಂದು ಉತ್ತರಿಸುವಷ್ಟು ಕಾಲಾವಕಾಶ ಕೊಡುವುದು, ಇವು ಎಲ್ಲ ಕಡೆಯೂ ರೂಢಿಯಾಗಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ಇನ್ನು ನಮ್ಮ ಕಡೆಗೆ ತಿರುಗೋಣ. ಮತ ಚಲಾಯಿಸುವುದು ಹಕ್ಕೂ ಹೌದು, ಸರ್ವರ ಹಿತಕ್ಕಾಗಿ ನೆರವೇರಿಸಬೇಕಾದ ಕರ್ತವ್ಯವೂ ಹೌದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಬೋಧಿಸಿತು. ಪ್ರತಿ ಚುನಾವಣೆಗೆ ಮುನ್ನ ನಾವು ದೇಶಕ್ಕಾಗಿ ಪ್ರಾರ್ಥಿಸುತ್ತೇವೆ. ಆದರೆ ಕರಡು ಪಟ್ಟಿ ಪ್ರಕಟವಾದಾಗ ಎಷ್ಟು ಧರ್ಮಕೇಂದ್ರಗಳಲ್ಲಿ ಅದನ್ನು ತೆರೆದು ನೋಡಿದ್ದೇವೆ? ನಮ್ಮ ಓಣಿಯ ಓದುಬಾರದ ಅಜ್ಜಿಯ ಹೆಸರಿದೆಯೇ, ಪಕ್ಕದ ಕೇರಿಯ ಮುಸಲ್ಮಾನ ಬಂಧುವಿನ, ಲಂಬಾಣಿ ತಾಂಡಾದ ಕೂಲಿಕಾರನ ಹೆಸರಿದೆಯೇ ಎಂದು ವಿಚಾರಿಸಿದ್ದೇವೆಯೇ? ಬರೀ ನಮ್ಮವರ ಹೆಸರನ್ನು ಮಾತ್ರ ಹುಡುಕಿದರೆ, ನಾವು ದೂರುವ ರಾಜಕಾರಣಿಗೂ ನಮಗೂ ವ್ಯತ್ಯಾಸ ಉಳಿಯದು.

ವಾಚಕರೇ, ಮುಂದಿನ ಕರಡು ಪಟ್ಟಿ ಬಂದ ಭಾನುವಾರ, ಬಲಿಪೂಜೆ ಮುಗಿದ ಮೇಲೆ ಅರ್ಧ ಗಂಟೆ ನಿಲ್ಲಿ. ಪಟ್ಟಿಯನ್ನು ಓದಿರಿ, ಬೀಗ ಹಾಕಿದ ಮನೆಗಳನ್ನು ನೆನಪಿಸಿಕೊಳ್ಳಿರಿ, ಹೈದರಾಬಾದಿಗೆ ಹೋದವರಿಗೆ ಒಂದು ಫೋನು ಮಾಡಿರಿ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಕರೆಯುವುದು ಹೆಸರು ಹಿಡಿದು.