ಎಳೆಯ ಮೂಳೆಗಳ ಲೆಕ್ಕ

ಸ್ಮಶಾನದಲ್ಲಿ ಮಕ್ಕಳ ಅಸ್ಥಿಪಂಜರಗಳೇ ಹೆಚ್ಚಾಗಿ ಸಿಕ್ಕರೆ ಆ ಊರು ಅಳಿವಿನ ದಾರಿ ಹಿಡಿದಿತ್ತು ಅಂದುಕೊಳ್ಳುತ್ತೇವೆ. ಫ್ರೆಂಚ್ ವಿದ್ವಾಂಸ ಝಾಂ-ಪಿಯೆರ್ ಬೊಕೆ-ಅಪೆಲ್ ಇದನ್ನು ತಿರುಗಿಸಿ ಓದಿದರು. ಹುಟ್ಟುವವರು ಹೆಚ್ಚಿದ್ದಲ್ಲಿ ಎಳವೆಯಲ್ಲೇ ಸಾಯುವವರೂ ಹೆಚ್ಚು. ಹಾಗಾಗಿ ಎಳೆಯ ಮೂಳೆಗಳು ಬೆಳೆಯುವ ಊರಿನ ಗುರುತು. ಕೂಸುಗಳ ಮೂಳೆ ಮಣ್ಣಲ್ಲಿ ಬೇಗ ಕರಗುತ್ತದೆಂದು ಅವರು ಐದು ವರ್ಷದೊಳಗಿನವರನ್ನು ಬಿಟ್ಟು, ಉಳಿದವರಲ್ಲಿ 5ರಿಂದ 19 ವರ್ಷದವರ ಪಾಲೆಷ್ಟೆಂದು ಎಣಿಸಿದರು. ಬೇಸಾಯ ಕಾಲಿಟ್ಟ ಹಲವು ಕಡೆ ಆ ವಯಸ್ಸಿನವರ ಪಾಲು ಏರಿತ್ತು. ಸಾವಿನ ಲೆಕ್ಕದಿಂದ ಹುಟ್ಟನ್ನು ಹಿಡಿಯುವ ಈ ಉಪಾಯ ನನಗೆ ಇಂದಿಗೂ ಬೆರಗು.

ಏರಿಕೆಯ ಗುಟ್ಟು ಗಂಜಿಯಲ್ಲಿರಬಹುದು. ಬೇಟೆಯಾಡುತ್ತ ಅಲೆಯುವ ತಾಯಿ ಒಂದು ಮಗುವನ್ನು ಸೊಂಟದಲ್ಲಿ ಹೊತ್ತಿರುವಾಗ ಇನ್ನೊಂದನ್ನು ಹೆರುವುದು ಕಷ್ಟ. ಊರು ಕಟ್ಟಿ ಕೂತವಳಿಗೆ ಆ ತೊಡಕಿಲ್ಲ. ಧಾನ್ಯದ ಗಂಜಿ ಕುಡಿಸಿ ಬೇಗ ಮೊಲೆ ಬಿಡಿಸಿದರೆ ಮುಂದಿನ ಬಸಿರೂ ಬೇಗ. ಯುರೋಪಿನ ಮೊದಲ ರೈತರು ಬೆಳೆದ ಗೋಧಿಗಳಲ್ಲೊಂದು ಎಮ್ಮರ್. ಬೆಳಗಾವಿ, ಧಾರವಾಡದವರು ಇವತ್ತಿಗೂ ಹುಗ್ಗಿ ಮಾಡುವ ಜವೆಗೋಧಿ ಅದೇ ಜಾತಿಯದು.

ಅನಟೋಲಿಯಾ ಮೂಲದ ಈ ರೈತರ ಸಂತತಿ ಕ್ರಿ.ಪೂ. 5500ರ ಸುಮಾರಿಗೆ ಮಧ್ಯ ಯುರೋಪಿನ ಫಲವತ್ತಾದ ಲೋಯಸ್ ಮಣ್ಣಿನ ಮೇಲೆ ಹರಡತೊಡಗಿತು. ಮಡಕೆಗಳ ಮೇಲೆ ಗೀಟಿನ ಅಲಂಕಾರ, ಮರದ ಕಂಬಗಳ ಮೇಲೆ ನಿಂತ, ಕೆಲವೊಮ್ಮೆ ಮೂವತ್ತು ಮೀಟರಿಗೂ ಉದ್ದದ ಮನೆಗಳು. ಕೆಲವೇ ತಲೆಮಾರುಗಳಲ್ಲಿ ಪಶ್ಚಿಮದ ರೈನ್ ನದಿಯವರೆಗೂ ಊರುಗಳು ಎದ್ದವು.

ಆಮೇಲೆ ಇಳಿತ. ಪುರಾತತ್ವಜ್ಞ ಸ್ಟೀಫನ್ ಶೆನನ್ ಮತ್ತು ಸಂಗಡಿಗರು ಸಾವಿರಾರು ರೇಡಿಯೊಕಾರ್ಬನ್ ಕಾಲಮಾನಗಳನ್ನು ಪೇರಿಸಿ, ಅವುಗಳಿಂದ ಜನಸಂಖ್ಯೆಯ ಏರಿಳಿತ ಅಂದಾಜಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುರೋಪಿನ ಹಲವು ಪ್ರದೇಶಗಳ ಕಥೆ ಒಂದೇ: ಬೇಸಾಯ ಬಂದೊಡನೆ ಜನ ಉಕ್ಕುತ್ತಾರೆ, ಕೆಲವು ಶತಮಾನಗಳಲ್ಲಿ ಕುಸಿಯುತ್ತಾರೆ. ಹವಾಮಾನದ ಏರುಪೇರಿನ ಜೊತೆ ಆ ಕುಸಿತ ತಾಳೆಯಾಗಲಿಲ್ಲ. ನೆಲ ಸೋತಿತೋ, ರೋಗ ಬಡಿಯಿತೋ, ನೆರೆಯವರೇ ಮೇಲೆ ಬಿದ್ದರೋ? ಎಲ್ಲ ಕಡೆಗೂ ಒಂದೇ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ.

ನೆರೆಯವರ ಕೈವಾಡಕ್ಕಂತೂ ಸಾಕ್ಷಿಯಿದೆ. ದಕ್ಷಿಣ ಜರ್ಮನಿಯ ಟಾಲ್‌ಹೈಮ್‌ನಲ್ಲಿ 1983ರಲ್ಲಿ ಒಂದು ಗುಂಡಿ ಸಿಕ್ಕಿತು. ಸುಮಾರು ಏಳು ಸಾವಿರ ವರ್ಷಗಳ ಹಿಂದೆ ಅದರೊಳಗೆ 34 ಜನರನ್ನು ಒಬ್ಬರ ಮೇಲೊಬ್ಬರನ್ನು ಎಸೆದಿದ್ದರು. ತಲೆಬುರುಡೆ ಒಡೆದದ್ದು ಮರ ಕೆತ್ತುವ ಕಲ್ಲಿನ ಬಾಚಿಯಿಂದ. ಮನೆ ಕಟ್ಟಿದ ಅದೇ ಉಪಕರಣ. ಸ್ಮಶಾನ ಹೇಳುವುದು ತಲೆಮಾರುಗಳ ಸಾವನ್ನು. ಈ ಗುಂಡಿ ಹಾಗಲ್ಲ, ಒಂದು ದಿನ ಬದುಕಿದ್ದವರನ್ನು ಇದ್ದಹಾಗೆಯೇ ಹಿಡಿದಿಟ್ಟಿದೆ. 34 ಜನರಲ್ಲಿ 16 ಮಂದಿ ಮಕ್ಕಳು, ಹದಿಹರೆಯದವರು.