ಹಂಪಿಯ ಕಲ್ಲು, ಸಂಡೂರಿನ ದೂಳು ಮತ್ತು ಒಂದು ಕಿಟ್ ಲೆನ್ಸ್

ಮಿರರ್‌ಲೆಸ್ ಕ್ಯಾಮೆರಾ ಕೊಂಡವರ ಕಿವಿಗೆ ಮೊದಲು ಬೀಳುವ ಸಲಹೆ ಎಂದರೆ, ಜೊತೆಗೆ ಬಂದ ಕಿಟ್ ಲೆನ್ಸನ್ನು ಬೇಗ ಮಾರಿಬಿಡಿ ಎಂಬುದು. ಚಿತ್ರ ಮೊನಚಾಗಿ ಬರುವುದಿಲ್ಲ, ಗೆರೆಗಳು ಬಾಗುತ್ತವೆ, ಮೌಂಟ್ ಕೂಡ ಪ್ಲಾಸ್ಟಿಕ್ಕಿನದು ಎಂದು ದೂರುಗಳು. ನಿಕಾನ್ 2019ರಲ್ಲಿ ಜೆಡ್50 ಕ್ಯಾಮೆರಾದೊಡನೆ ತಂದ ಜೆಡ್ ಡಿಎಕ್ಸ್ 16–50 ಮಿ.ಮೀ. ಎಫ್/3.5–6.3 ವಿಆರ್ ಲೆನ್ಸನ್ನು ಹೊಸಪೇಟೆ ಸುತ್ತಲಿನ ಕೆಲಸಕ್ಕೆ ಹಚ್ಚಿ ನೋಡಿದರೆ ಈ ದೂರುಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ಅದರ ನಿಜವಾದ ಕೊರತೆಗಳು ಬೇರೆ. ಜೂಮ್ ಮಾಡಿದಷ್ಟೂ ಒಳಬರುವ ಬೆಳಕು ಕುಗ್ಗುತ್ತದೆ. ದೂಳು, ನೀರಿಗೆ ತಡೆಯಿಲ್ಲ. ಹಂಪಿಯ ಹಗಲಿನಲ್ಲಿ ಇವೆರಡೂ ಕಣ್ಣಿಗೆ ಬೀಳುವುದೇ ಇಲ್ಲ. ಮಂಟಪದ ಒಳಗೆ ಜನ ಓಡಾಡುವಾಗ ಮತ್ತು ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಮಾತ್ರ ಎದ್ದು ಕಾಣುತ್ತವೆ. ಹಾಗಾಗಿ ಇದನ್ನು ಮಾರುವ ಮಾತು ತಪ್ಪು. ಇದರ ಪಕ್ಕಕ್ಕೆ ಏನನ್ನು ಸೇರಿಸಬೇಕು ಎಂದು ಕೇಳುವುದು ಸರಿ.

ಮೊದಲು ತೂಕದ ಮಾತು. ಲೆನ್ಸ್ 135 ಗ್ರಾಂ, ಮಡಿಚಿಟ್ಟಾಗ 32 ಮಿ.ಮೀ. ಉದ್ದ. ಕ್ಯಾಮೆರಾ, ಬ್ಯಾಟರಿ ಸೇರಿದರೂ ಆರುನೂರು ಗ್ರಾಂ ದಾಟುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ವಿರೂಪಾಕ್ಷ ಗುಡಿಯಿಂದ ನದಿ ಪಕ್ಕದ ದಾರಿ ಹಿಡಿದು ವಿಠ್ಠಲ ಗುಡಿಗೆ ನಡೆದು, ಮತ್ತೆ ಮಾತಂಗ ಬೆಟ್ಟ ಹತ್ತುವವರಿಗೆ ಇದು ಸಣ್ಣ ಸಂಗತಿಯಲ್ಲ. ಅದಕ್ಕಿಂತ ಮುಖ್ಯವಾದದ್ದು ಅಗಲದ ತುದಿ. ಡಿಎಕ್ಸ್ ಸೆನ್ಸರಿನ ಮೇಲೆ 16 ಮಿ.ಮೀ. ಎಂದರೆ ಫುಲ್‌ಫ್ರೇಮ್ ಲೆಕ್ಕದಲ್ಲಿ 24 ಮಿ.ಮೀ. ಕ್ಯಾನನ್ 2022ರಲ್ಲಿ ತಂದ ಇದೇ ಬಗೆಯ 18–45 ಲೆನ್ಸ್ ಶುರುವಾಗುವುದೇ ಸುಮಾರು 29ರಿಂದ. ಕಾಗದದ ಮೇಲೆ ಅಲ್ಪವೆನಿಸುವ ಈ ಅಂತರ ವಿರೂಪಾಕ್ಷನ ಬಜಾರಿನಲ್ಲಿ ದೊಡ್ಡದಾಗುತ್ತದೆ. ಅಲ್ಲಿನ ದೊಡ್ಡ ಗೋಪುರ ಹೆಚ್ಚುಕಡಿಮೆ 50 ಮೀಟರ್ ಎತ್ತರ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ ಕೂಡಲೇ ಗೋಪುರದ ಎರಡೂ ಬದಿ ಒಳಕ್ಕೆ ವಾಲುತ್ತವೆ, ಇದಕ್ಕೆ ಬಹಳ ಜನ ಲೆನ್ಸನ್ನು ದೂರುತ್ತಾರೆ. ತಪ್ಪು ಲೆನ್ಸಿನದಲ್ಲ, ಓರೆಯದು. ಕ್ಯಾಮೆರಾವನ್ನು ಉದ್ದವಾಗಿ, ನೆಲಕ್ಕೆ ಸಮವಾಗಿ ಹಿಡಿದರೆ 16 ಮಿ.ಮೀ.ನಲ್ಲಿ ಸುಮಾರು 66 ಮೀಟರ್ ದೂರದಿಂದಲೇ ಕಳಸದವರೆಗೆ ಗೋಪುರ ನೆಟ್ಟಗೆ ಬರುತ್ತದೆ, 18 ಮಿ.ಮೀ.ನ ಆ ಕ್ಯಾನನ್ನಿಗೆ 78 ಮೀಟರ್ ಬೇಕು. ಚೌಕಟ್ಟಿನ ಕೆಳಗಿನ ಅರ್ಧ ಬೀದಿಯ ನೆಲವಾಗುತ್ತದೆ, ಆಮೇಲೆ ಕತ್ತರಿಸಬಹುದು. ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಆ ಬೀದಿಯಲ್ಲಿ ಹಿಂದೆ ಸರಿಯಲು ಬೇಕಾದಷ್ಟು ಜಾಗವೂ ಇದೆ.

ಆದರೂ ಗೆರೆ ಬಾಗುವ ದೂರು ಪೂರ್ತಿ ಸುಳ್ಳಲ್ಲ. 16 ಮಿ.ಮೀ.ನಲ್ಲಿ ಈ ಲೆನ್ಸಿನ ತಿದ್ದದ ಚಿತ್ರ ಪೀಪಾಯಿಯಂತೆ ಉಬ್ಬಿರುತ್ತದೆ. ಕ್ಯಾಮೆರಾ ಅದನ್ನು ತಾನೇ ಸರಿಪಡಿಸುತ್ತದೆ. ಬೇಡವೆಂದು ಆರಿಸುವ ಅವಕಾಶವನ್ನೂ ಕೊಡುವುದಿಲ್ಲ. ಇದು ಗಾಜಿನ ಕೆಲಸವನ್ನು ಲೆಕ್ಕಾಚಾರದಿಂದ ಮುಚ್ಚಿಹಾಕುವ ಮೋಸವಲ್ಲವೇ ಎಂಬ ಆಕ್ಷೇಪವಿದೆ. ಗಾಜಿನಲ್ಲೇ ತಿದ್ದಲು ಹೋಗಿದ್ದರೆ ಈ ಲೆನ್ಸ್ ಇಷ್ಟು ಚಿಕ್ಕದಾಗಿ ಇರುತ್ತಿರಲಿಲ್ಲ ಎಂಬುದು ನನ್ನ ಉತ್ತರ. ಆದರೆ ತಿದ್ದುಪಡಿಗೂ ಬೆಲೆ ತೆರಬೇಕು: ಮೂಲೆಗಳನ್ನು ಹಿಗ್ಗಿಸಿದಾಗ ಅಲ್ಲಿನ ವಿವರ ತೆಳುವಾಗುತ್ತದೆ. ಬೇರೆ ಊರಿನ ಚಿತ್ರದಲ್ಲಿ ಮೂಲೆಗಳಲ್ಲಿ ಬರಿಯ ಆಕಾಶವೋ ನೆರಳೋ ಇದ್ದು ಈ ಕೊರತೆ ಮುಚ್ಚಿಹೋಗುತ್ತದೆ. ಹಂಪಿಯಲ್ಲಿ ಹಾಗಾಗುವುದಿಲ್ಲ. ಹೇಮಕೂಟದ ಮೇಲೆ ನಿಂತರೆ ಚೌಕಟ್ಟಿನ ನಾಲ್ಕೂ ಮೂಲೆಯವರೆಗೆ ಹರಳುಹರಳಾದ ಗ್ರಾನೈಟ್ ಹರಡಿರುತ್ತದೆ. ಲೆನ್ಸನ್ನು ಇಷ್ಟು ನಿಷ್ಠುರವಾಗಿ ಪರೀಕ್ಷಿಸುವ ನೆಲ ಕಡಿಮೆ. ಎಫ್/3.5ರಲ್ಲಿ ಮೂಲೆ ಸಡಿಲ ಎಂಬುದು ಇಲ್ಲಿ ಕಾಣುತ್ತದೆ. ಎಫ್/8ಕ್ಕೆ ಇಳಿಸಿದರೆ ಮೂಲೆ ಬಿಗಿಯಾಗುತ್ತದೆ, ನಡುಭಾಗವನ್ನಂತೂ ದುಬಾರಿ ಲೆನ್ಸಿನ ಚಿತ್ರದಿಂದ ಬೇರ್ಪಡಿಸುವುದು ಕಷ್ಟ. ಫೋನೇ ಸಾಕಲ್ಲವೇ ಎನ್ನುವವರಿಗೂ ಉತ್ತರ ಈ ಬಂಡೆಯಲ್ಲೇ ಇದೆ. ಫೋನಿನ ಸಣ್ಣ ಸೆನ್ಸರಿನ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿದರೆ ಕಲ್ಲಿನ ಹರಳು ಬಳಿದ ಬಣ್ಣದಂತೆ ಕಲಸಿಹೋಗಿರುತ್ತದೆ.

ಹಂಪಿಯ ಕಟ್ಟಡ ಕೇಳುವುದು ಇಂಥ ಸಮನಾದ, ಸಾವಧಾನದ ವಿವರವನ್ನು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಭಾರಿ ಗಾತ್ರದ ಕಾಗದದ ನೆಗೆಟಿವ್‌ಗಳ ಮೇಲೆ ಇಲ್ಲಿನ ಗುಡಿಗಳನ್ನು ಹಿಡಿದರು. ಅವರ ಚಿತ್ರದಲ್ಲಿ ವಿಠ್ಠಲನ ಕಲ್ಲಿನ ತೇರಿನ ಮೇಲೆ, ಈಗ ಇಲ್ಲದ ಇಟ್ಟಿಗೆಯ ಶಿಖರ ಸ್ಪಷ್ಟವಾಗಿದೆ. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಆ ಜೋಡಿ ಚಿತ್ರಗಳ ಬೆಲೆಯಿರುವುದು ನಿಂತ ಜಾಗದಲ್ಲಿ ಮತ್ತು ಅಂಚಿನವರೆಗಿನ ವಿವರದಲ್ಲಿ, ಹಿನ್ನೆಲೆಯನ್ನು ಮಸುಕಾಗಿಸುವ ದೊಡ್ಡ ಅಪರ್ಚರಿನಲ್ಲಲ್ಲ.

ಬೆಳಕು ಕಡಿಮೆಯಾದಾಗ ಮಾತ್ರ ಈ ಲೆನ್ಸಿನ ಬಗೆಗಿನ ತೀರ್ಪು ಎರಡಾಗಿ ಸೀಳುತ್ತದೆ. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಡೆಯ ಮೇಲೆ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಲೆನ್ಸೇ ಇಲ್ಲದ ಕ್ಯಾಮೆರಾ ಅದು. ಆ ಮಂಕು ಬಿಂಬವಾಗಲಿ, ರಂಗಮಂಟಪದ ಚಾವಣಿಯ ವರ್ಣಚಿತ್ರವಾಗಲಿ ಅಲುಗುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲವಾದ್ದರಿಂದ ಕೈನಡುಕ ತಡೆಯುವ ವಿಆರ್ ಇಲ್ಲಿ ಊರುಗೋಲಿನ ಕೆಲಸ ಮಾಡುತ್ತದೆ. ಕಂಪನಿ ಹೇಳುವ 4.5 ಸ್ಟಾಪಿನಲ್ಲಿ ಮೂರೇ ಕೈಗೆ ಸಿಕ್ಕರೂ, 1/25 ಸೆಕೆಂಡಿನಲ್ಲಿ ತೆಗೆಯುವವರು 1/3 ಸೆಕೆಂಡಿನವರೆಗೆ ಹೋಗಬಹುದು. ಆದರೆ ವಿಆರ್ ತಡೆಯುವುದು ತೆಗೆಯುವವರ ನಡುಕವನ್ನು, ಎದುರಿಗಿರುವವರ ಚಲನೆಯನ್ನಲ್ಲ. ಆರತಿ ಎತ್ತುವ ಕೈ, ಚೈತ್ರ ಹುಣ್ಣಿಮೆಯ ತೇರಿನ ಮುಂದೆ ಕತ್ತಲಾಗುವ ಹೊತ್ತಿಗೆ ನುಗ್ಗುವ ಜನ, ಇವಕ್ಕೆ ಬೇಕಾದದ್ದು ಬೆಳಕು. 50 ಮಿ.ಮೀ.ಗೆ ತಿರುಗಿಸಿದಾಗ ಅಪರ್ಚರ್ ಎಫ್/6.3ಕ್ಕೆ ಇಳಿದು, ಎಫ್/3.5ರಲ್ಲಿ ಸಿಗುವ ಬೆಳಕಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಒಳಬರುತ್ತದೆ. ಇಲ್ಲಿ ಕಿಟ್ ಲೆನ್ಸ್ ಸೋಲುತ್ತದೆ, ಅದನ್ನು ಒಪ್ಪಬೇಕು.

ಹಾಗಾದರೆ ಇದೇ ವ್ಯಾಪ್ತಿಯ ಎಫ್/2.8 ಜೂಮ್ ಕೊಳ್ಳುವುದೇ ಲೇಸಲ್ಲವೇ? ನಿಕಾನ್ ಅಂಥದ್ದನ್ನು 2025ರಲ್ಲಿ ತಂದಿದೆ, ತೂಕ 330 ಗ್ರಾಂ. ಮದುವೆ ಮನೆಯಲ್ಲಿ ದುಡಿದು ಸಂಪಾದಿಸುವವರು ಅದನ್ನೇ ಕೊಳ್ಳಲಿ. ಉಳಿದವರಿಗೆ 2023ರ 24 ಮಿ.ಮೀ. ಎಫ್/1.7 ಲೆನ್ಸ್ ಹೆಚ್ಚು ಹೊಂದುತ್ತದೆ. ಅದೂ 135 ಗ್ರಾಮೇ. ಕಿಟ್ ಲೆನ್ಸಿನೊಡನೆ ಸೇರಿ 270 ಗ್ರಾಂ ಆದರೂ ಎಫ್/2.8 ಜೂಮಿಗಿಂತ ಹಗುರ, ಮತ್ತು ಕತ್ತಲಲ್ಲಿ ಅದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಅದರಲ್ಲಿ ವಿಆರ್ ಇಲ್ಲ, ಜೂಮ್ ಇಲ್ಲ. ಜನರ ನಡುವೆ ಎರಡೂ ಅಷ್ಟಾಗಿ ಬೇಕಾಗುವುದಿಲ್ಲ. ದರೋಜಿಯ ಕರಡಿಗಳನ್ನು ದೂರದಿಂದ ಹಿಡಿಯುವ ಆಸೆಯಿದ್ದವರಿಗೆ ಈ ಮೂರರಲ್ಲಿ ಯಾವುದರಿಂದಲೂ ಉಪಯೋಗವಿಲ್ಲ.

ಎರಡು ಲೆನ್ಸ್ ಇಟ್ಟುಕೊಂಡವರನ್ನು ದೂಳು ಕಾಡುತ್ತದೆ. ಸಂಡೂರಿನ ಗಣಿ ರಸ್ತೆಗಳಲ್ಲಿ ಕೆಂಪು ದೂಳು ಮರದೆಲೆಯ ಮೇಲೂ ಕೂತಿರುತ್ತದೆ. ಚಾಚಿ ಮಡಿಚುವ ಕಿಟ್ ಲೆನ್ಸ್ ಪ್ರತಿ ಸಲವೂ ಗಾಳಿಯನ್ನು ಒಳಗೆ ಎಳೆದು ಹೊರಗೆ ಬಿಡುತ್ತದೆ. ದೂಳಿಗೆ ಮುದ್ರೆ ಹಾಕಿದ ಕಟ್ಟಡ ಅದರದ್ದಲ್ಲ. ಲೆನ್ಸ್ ಕಳಚಿದರೆ ಇನ್ನೂ ಅಪಾಯ. ಜೆಡ್50ರ ಸೆನ್ಸರ್ ಬೆತ್ತಲೆ ನಿಲ್ಲುತ್ತದೆ, ಅಲುಗಿಸಿ ದೂಳು ಕೊಡಹುವ ಏರ್ಪಾಡೂ ಅದರಲ್ಲಿಲ್ಲ. ಜಲಾಶಯದಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗುವ ಮಳೆಗಾಲದ ದಿನಗಳಲ್ಲಿ ಸುದ್ದಿಗಾಗಿ ಚಿತ್ರ ತೆಗೆಯುವವರಿಗೂ ಇದೇ ತೊಡಕು. ಅಂಥ ಹೊತ್ತಿನಲ್ಲಿ ಕ್ಯಾಮೆರಾಕ್ಕೆ ಹೊದಿಕೆಯಿಲ್ಲದೆ ಹೊರಡಬಾರದು. ಯಾವ ಲೆನ್ಸ್ ಬೇಕೆಂಬುದನ್ನು ಹೊಸಪೇಟೆಯಲ್ಲೇ ತೀರ್ಮಾನಿಸಿ, ಹಾಕಿಕೊಂಡು ಹೋಗಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಹೊರಟವರಾದರೆ ಹಾಕಬೇಕಾದದ್ದು ಕಿಟ್ ಲೆನ್ಸನ್ನೇ. 50 ಮಿ.ಮೀ.ನಲ್ಲಿ 30 ಸೆಂ.ಮೀ.ವರೆಗೆ ಹತ್ತಿರ ಹೋದರೆ ಸುಮಾರು 12 ಸೆಂ.ಮೀ. ಅಗಲದ ಬಟ್ಟೆ ಚೌಕಟ್ಟನ್ನು ತುಂಬಿ, ಕನ್ನಡಿಯ ಸುತ್ತಲಿನ ಒಂದೊಂದು ಹೊಲಿಗೆಯೂ ಎಣಿಸುವಷ್ಟು ಬಿಡಿಯಾಗಿ ಬರುತ್ತದೆ. ಅದಕ್ಕೆ ಕಿಟಕಿಯ ಬೆಳಕು ಸಾಕು.